ಕೆಲಸಕ್ಕೆ ಹೋಗುವ ಧಣಿ ಗಾಡಿ

ಆ ಕಾರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಮೊದಲು ಅದರ ಮೂತಿ ಬರುತ್ತಿತ್ತು, ಆಮೇಲೆ ಸ್ವಲ್ಪ ಹೊತ್ತಿಗೆ ಉಳಿದ ಗಾಡಿ ಬರುತ್ತಿತ್ತು. ಅಷ್ಟುದ್ದ. ಕಡುನೀಲಿ ಬಣ್ಣ, ಬಿಸಿಲಿಗೆ ಮೇಲ್ಭಾಗ ಮಾತ್ರ ಮಾಸಿ, ನೆತ್ತಿ ನರೆತವರ ಹಾಗೆ ಕಾಣುತ್ತಿತ್ತು. ಒಂದು ಕಾಲದಲ್ಲಿ ಬಟ್ಟೆ ಮಿಲ್ಲಿನ ಯಜಮಾನರು ಹಿಂದಿನ ಸೀಟಿನಲ್ಲಿ ಪೇಪರು ಓದುತ್ತ ಹೋಗುತ್ತಿದ್ದ ಗಾಡಿ ಅದು. ಈಗ ಅದನ್ನು ಓಡಿಸುತ್ತಿದ್ದವಳು ಒಂದು ಖಾಸಗಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮೇಜುಗಳ ಉಸ್ತುವಾರಿ ನೋಡಿಕೊಳ್ಳುವ ಹೆಂಗಸು. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಮ್ಮ ಎನ್ನುತ್ತಿದ್ದರು. ಬೀದಿಯವರು ಮಾತ್ರ ಬೆನ್ನ ಹಿಂದೆ ಮಹಾರಾಣಿ ಎನ್ನುತ್ತಿದ್ದರು. ಒಮ್ಮೊಮ್ಮೆ ಎದುರಿಗೂ ಅನ್ನುತ್ತಿದ್ದರು. ಆಗ ಅವಳು ಸಲಾಮು ಸ್ವೀಕರಿಸಿದವಳಂತೆ ಹೆಡ್‌ಲೈಟು ಒಂದು ಸಲ ಮಿಂಚಿಸಿ ಮುಂದೆ ಹೋಗುತ್ತಿದ್ದಳು.

ಗಾಡಿ ಅವಳ ಮನೆಗೆ ಬಂದ ಕತೆ ದೊಡ್ಡದೇನಲ್ಲ. ಅವಳ ಗಂಡ ಆ ಯಜಮಾನರ ಡ್ರೈವರು. ಯಜಮಾನರು ತೀರಿಕೊಂಡ ಮೇಲೆ ಅವರ ಮಕ್ಕಳಿಗೆ ಹಳೆಯ ಗಾಡಿ ಬೇಡವಾಯಿತು. “ಗುಜರಿಗೆ ಹಾಕೋ ಬದಲು ನೀನೇ ಇಟ್ಕೋ” ಎಂದು ಕಾಗದಪತ್ರ ಅವನ ಹೆಸರಿಗೆ ಮಾಡಿಕೊಟ್ಟರು. ಅವನು ಅದನ್ನು ತಂದು ಮನೆಯ ಮುಂದೆ ನಿಲ್ಲಿಸಿದ ದಿನ ಅರ್ಧ ಗಾಡಿ ಪಕ್ಕದ ಮನೆಯ ಮುಂದಿತ್ತು. ಅಂದಿನಿಂದ ಮನೆಯವರ ಬಾಯಲ್ಲಿ ಅದು ಧಣಿ ಗಾಡಿ.

ಮುಚ್ಚಿದ ಮಿಲ್ಲಿನ ಅಂಗಳದಲ್ಲಿ ಅವನು ಹೆಂಡತಿಗೆ ಗಾಡಿ ಓಡಿಸುವುದನ್ನು ಕಲಿಸಿದ. ಆದರೆ ಅವನಿಗೆ ಗೊತ್ತಿದ್ದದ್ದು ಒಂದೇ ರೀತಿ, ಧಣಿಗಳನ್ನು ಕೂರಿಸಿಕೊಂಡು ಓಡಿಸುವ ರೀತಿ. ಬ್ರೇಕು ಒತ್ತಿದರೆ ಹಿಂದೆ ಕೂತವರ ಕೈಯಲ್ಲಿನ ಪೇಪರು ಅಲುಗಬಾರದು. ಹಾರನ್ನು ಹೊಡೆಯುವುದು ಮರ್ಯಾದಸ್ತರ ಲಕ್ಷಣವಲ್ಲ. ಎಲ್ಲೇ ನಿಲ್ಲಿಸಿದರೂ ಹಿಂದಿನ ಬಾಗಿಲು ಸರಿಯಾಗಿ ಮೆಟ್ಟಿಲಿನ ಎದುರಿಗೆ ಬಂದಿರಬೇಕು.

“ಓಡ್ಸೋಳು ನಾನು. ಇಳಿಯೋಳೂ ನಾನೇ. ಹಿಂದೆ ಯಾರೂ ಇಲ್ವಲ್ಲ?” ಎಂದು ಅವಳು ಕೇಳಿದ್ದಳು.

“ಇಲ್ದಿದ್ರೆ ಏನಾಯ್ತು? ಇದ್ದಾರೆ ಅಂದ್ಕೋ.”

ಹಾಗೆ ಅಂದುಕೊಂಡೇ ಅವಳು ಕಲಿತಳು. ಗಂಡ ತೀರಿಹೋಗಿ ವರ್ಷಗಳಾದರೂ ಆ ರೂಢಿ ಅವಳ ಕೈಕಾಲು ಬಿಟ್ಟು ಹೋಗಲಿಲ್ಲ. ತರಕಾರಿ ಅಂಗಡಿಯ ಮುಂದೆ ನಿಲ್ಲಿಸಿದರೂ ಹಿಂದಿನ ಬಾಗಿಲೇ ಅಂಗಡಿಯವನಿಗೆ ಎದುರಾಗುತ್ತಿತ್ತು. ಅವನು ಕಪ್ಪು ಗಾಜಿನೊಳಗೆ ಇಣುಕಿ, “ಸಾಹೇಬ್ರಿಗೆ ಏನು ಬೇಕಂತೆ?” ಎನ್ನುತ್ತಿದ್ದ. ಅವಳು ಮುಂದಿನಿಂದ ಇಳಿದು ಬಂದು, “ಸಾಹೇಬ್ರಿಗೆ ಒಂದು ಕಟ್ಟು ಸೊಪ್ಪು” ಎನ್ನುತ್ತಿದ್ದಳು.

ಹಳೆಯ ದೊಡ್ಡ ಗಾಡಿಯನ್ನು ದಿನಾ ಓಡಿಸಬೇಕಾದರೆ ಮೊದಲು ಅದರ ಚಾಳಿ ತಿಳಿದಿರಬೇಕು. ಬೆಳಿಗ್ಗೆ ನೋಡಿದರೆ ಚಕ್ರದ ಮೇಲಿನ ಗಾಳಿಚೀಲ ಸೋರಿ ಅದರ ಹಿಂಭಾಗ ಕುಸಿದು ಕೂತಿರುತ್ತಿತ್ತು. ಕೀಲಿ ತಿರುಗಿಸಿ ಸ್ವಲ್ಪ ಹೊತ್ತು ಬಿಟ್ಟರೆ ಉಸ್ಸೆಂದು ಗಾಳಿ ತುಂಬಿಕೊಂಡು, ಮಂಡಿಗೆ ಕೈ ಊರಿ ಏಳುವ ಮುದುಕನಂತೆ ಎದ್ದು ನಿಲ್ಲುತ್ತಿತ್ತು. ಅವಳ ಪಕ್ಕದ ಗಾಜು ಒಮ್ಮೆ ಇಳಿದರೆ ಮತ್ತೆ ಏರುತ್ತಿರಲಿಲ್ಲ, ಹಾಗಾಗಿ ಅದನ್ನು ಇಳಿಸುವ ಗೊಡವೆಗೇ ಅವಳು ಹೋಗುತ್ತಿರಲಿಲ್ಲ. ಮುಂದಿನ ಫಲಕದಲ್ಲಿ ಒಂದು ಕೆಂಪು ದೀಪ ಸದಾ ಉರಿಯುತ್ತಿತ್ತು. ಮೆಕ್ಯಾನಿಕ್ಕು ಎಲ್ಲ ಬಿಚ್ಚಿ ನೋಡಿ, “ಗಾಡಿಗೇನೂ ಆಗಿಲ್ಲಮ್ಮ, ದೀಪಕ್ಕೇ ಕಾಯಿಲೆ” ಎಂದ ಮೇಲೆ ಗಾಯಕ್ಕೆ ಹಚ್ಚುವ ಅಂಟುಪಟ್ಟಿಯನ್ನು ಅದರ ಮೇಲೆ ಮೆತ್ತಿದ್ದಳು. ಯಾವುದಾದರೂ ಭಾಗ ಕೆಟ್ಟರೆ ಅದೇ ಜಾತಿಯ ಇನ್ನೊಂದು ಗಾಡಿ ಗುಜರಿಗೆ ಬರುವವರೆಗೆ ಕಾಯಬೇಕಿತ್ತು. ಪೆಟ್ರೋಲು ಕುಡಿಯುವುದರಲ್ಲಂತೂ ಅದಕ್ಕೆ ನಾಚಿಕೆಯೆಂಬುದೇ ಇರಲಿಲ್ಲ. ಆದರೆ ಒಳಗೆ ಕೂತು ಬಾಗಿಲು ಹಾಕಿಕೊಂಡರೆ ಹೊರಗಿನ ಲೋಕದ ಬಾಯಿ ಮುಚ್ಚಿಸಿದ ಹಾಗೆ. ಎರಡು ಪದರದ ಗಾಜು, ಮೆತ್ತನೆಯ ಸೀಟು. ರಸ್ತೆಯ ಹಳ್ಳಗಳೆಲ್ಲ ಬೇರೆ ಯಾರದೋ ಪಾಲಿಗೆ ಹೋದಂತೆ ಅನ್ನಿಸುತ್ತಿತ್ತು.

ಅವಳ ಜೊತೆ ದಿನಾ ಮೂವರು ಬರುತ್ತಿದ್ದರು. ಒಗೆಯುವ ವಿಭಾಗದ ಹಿರಿಯಳು ಸೋಪಜ್ಜಿ. ಎರಡೂ ಮಂಡಿ ಕೈಕೊಟ್ಟಿದ್ದವು, ಬಾಯಿ ಮಾತ್ರ ಗಟ್ಟಿಯಾಗಿತ್ತು. ಹರಿದ ಹೊದಿಕೆಗೆ ತೇಪೆ ಹಾಕಿ, ರೋಗಿಗಳ ಅಂಗಿಗೆ ಗುಂಡಿ ಹೊಲಿಯುವ ಗುಂಡಿಯಕ್ಕ. ರೋಗಿಗಳ ಮಂಚ ಸಾಗಿಸುವ ಲಿಫ್ಟಿನಲ್ಲಿ ದಿನವಿಡೀ ನಿಂತಿರುವ ಲಿಫ್ಟಣ್ಣ. “ನಾನು ದಿನಾ ಮೇಲಕ್ಕೆ ಹೋಗ್ತೀನಿ, ಕೆಳಕ್ಕೆ ಬರ್ತೀನಿ. ಮುಂದಕ್ಕೆ ಅಂತ ಹೋಗೋದು ಈ ಗಾಡೀಲಿ ಮಾತ್ರ” ಎಂದು ಅವನು ಮುಂದಿನ ಸೀಟಿನಲ್ಲಿ ಕಾಲು ಚಾಚುತ್ತಿದ್ದ. ಪೆಟ್ರೋಲಿನ ಖರ್ಚು ನಾಲ್ವರಿಗೂ ಹಂಚಿಹೋಗುತ್ತಿತ್ತು. ಬಸ್ಸಿಗೆ ಹತ್ತಿ ಇಳಿಯುವ ಶಕ್ತಿ ಸೋಪಜ್ಜಿಗೆ ಇರಲಿಲ್ಲ. ಈ ಗಾಡಿ ಇಲ್ಲದಿದ್ದರೆ ಅವಳು ಎಂದೋ ಕೆಲಸ ಬಿಟ್ಟು ಮಗಳ ಮನೆಯ ಮೂಲೆ ಸೇರಬೇಕಿತ್ತು.

ನೌಕರರು ಒಳಹೋಗುವ ಬಾಗಿಲು ಆಸ್ಪತ್ರೆಯ ಹಿಂದಿತ್ತು. ಅಲ್ಲಿನ ಮೆಟ್ಟಿಲು ಕಡಿದಾಗಿತ್ತು, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಅದಕ್ಕೇ ಇಸ್ತ್ರಿಯಮ್ಮ ಮೊದಲು ಮುಂಬಾಗಿಲಿನ ಪೋರ್ಚಿನಲ್ಲಿ ನಿಲ್ಲಿಸಿ, ಹಿಂದಿನ ಬಾಗಿಲು ಮೆಟ್ಟಿಲಿಗೆ ಸರಿಯಾಗಿ ತಂದು, ಸೋಪಜ್ಜಿಯನ್ನು ಇಳಿಸಿ, ಆಮೇಲೆ ಹಿಂದಕ್ಕೆ ಹೋಗಿ ಗಾಡಿ ನಿಲ್ಲಿಸುತ್ತಿದ್ದಳು. ಹಳೆಯ ಆಡಳಿತಾಧಿಕಾರಿಗೆ ಇದು ಗೊತ್ತಿತ್ತು. ಅವರು ಕಂಡೂ ಕಾಣದಂತೆ ಇರುತ್ತಿದ್ದರು.

ಹೊಸದಾಗಿ ಬಂದವನು ಹಾಗಲ್ಲ. ಎಂಥ ಸೆಕೆಯಲ್ಲೂ ಕುತ್ತಿಗೆಗೆ ಟೈ ಬಿಗಿದುಕೊಂಡೇ ಬರುತ್ತಿದ್ದ ಅವನಿಗೆ ಬಂದ ವಾರದಲ್ಲೇ ಟೈ ಸಾಹೇಬ ಎಂಬ ಹೆಸರು ಬಿದ್ದಿತ್ತು. ಕೆಟ್ಟವನೆಂದು ಹೇಳುವಂತಿರಲಿಲ್ಲ. ಆದರೆ ಎಲ್ಲವೂ ನೋಡುವವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ಚಿಂತೆ ಅವನನ್ನು ತಿನ್ನುತ್ತಿತ್ತು. ಹೂಕುಂಡ ಎಲ್ಲಿರಬೇಕು, ನರ್ಸುಗಳು ಎಷ್ಟು ನಗಬೇಕು, ಎಲ್ಲಕ್ಕೂ ಅವನ ಬಳಿ ಒಂದು ಲೆಕ್ಕಾಚಾರ.

ಆಸ್ಪತ್ರೆಯ ಹೊಸ ಕಟ್ಟಡಕ್ಕೆ ಹಣ ಕೊಡಲಿದ್ದ ದೊಡ್ಡ ಮನುಷ್ಯರೊಬ್ಬರು ಒಂದು ದಿನ ಬರುವವರಿದ್ದರು. ಒಗೆಯುವ ವಿಭಾಗಕ್ಕೆ ಯಾರೂ ಆ ವಿಷಯ ಹೇಳಿರಲಿಲ್ಲ. ಪರದೆಗಳಿಗೆ ಚೆನ್ನಾಗಿ ಇಸ್ತ್ರಿ ಹಾಕಿ ಎಂದಿದ್ದರು, ಅಷ್ಟೇ. ಬೆಳಿಗ್ಗೆ ಇಸ್ತ್ರಿಯಮ್ಮನ ಗಾಡಿ ಎಂದಿನಂತೆ ಪೋರ್ಚಿಗೆ ಬಂದಾಗ ಅಲ್ಲಿ ನರ್ಸುಗಳ ಸಾಲು, ವೈದ್ಯರ ಗುಂಪು, ಎಲ್ಲರಿಗಿಂತ ಮುಂದೆ ಹೂಗುಚ್ಛ ಹಿಡಿದ ಟೈ ಸಾಹೇಬ. ಕಡುನೀಲಿ ಗಾಡಿ ಸದ್ದಿಲ್ಲದೆ ಬಂದು, ಅಲುಗದೆ ನಿಂತು, ಹಿಂದಿನ ಬಾಗಿಲನ್ನು ಸರಿಯಾಗಿ ಅವನ ಮುಂದಿಟ್ಟಿತು. ಹಾಗೆ ನಿಲ್ಲುವ ಗಾಡಿಯೊಳಗೆ ದೊಡ್ಡವರಲ್ಲದೆ ಇನ್ಯಾರು ಇರುತ್ತಾರೆ? ಅವನು ಓಡಿ ಬಂದು ಬಾಗಿಲು ತೆಗೆದು, ನಡು ಬಗ್ಗಿಸಿ, “ಸುಸ್ವಾಗತ ಸಾರ್” ಎಂದ.

ಒಳಗಿನಿಂದ ಮೊದಲು ಒಂದು ಊರುಗೋಲು ಹೊರಬಂತು. ಅವನು ಅದನ್ನೂ ಗೌರವದಿಂದ ಹಿಡಿದುಕೊಂಡ. ಆಮೇಲೆ ಒಂದು ಊಟದ ಚೀಲ. ಅದರ ಹಿಂದೆ ಸೋಪಜ್ಜಿ. ಬಾಗಿಲು ತೆರೆದ ಕೂಡಲೇ ಚಪ್ಪಾಳೆ ತಟ್ಟಬೇಕೆಂದು ನರ್ಸುಗಳಿಗೆ ಹೇಳಿಕೊಟ್ಟಿದ್ದರಿಂದ ಅವರು ತಟ್ಟಿದರು.

ಸೋಪಜ್ಜಿ ಸುತ್ತ ನೋಡಿ, ಹೂಗುಚ್ಛ ಕೈಗೆ ತೆಗೆದುಕೊಂಡು, “ಅಯ್ಯೋ ನನ್ನಪ್ಪಾ, ಇದೆಲ್ಲ ಯಾಕೆ ಮಾಡಕ್ಕೆ ಹೋದ್ರಿ? ನಾನಿನ್ನೂ ರಿಟೈರ್ ಆಗಿಲ್ವಲ್ಲ?” ಎಂದಳು. ಆಮೇಲೆ ಟೈ ಸಾಹೇಬನ ತೋಳು ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು.

ಅಷ್ಟರಲ್ಲಿ ಹಿಂದೆ ಒಂದು ಪುಟ್ಟ ಕಾರು ಬಂದು ನಿಂತಿತ್ತು. ನಿಜವಾದ ಅತಿಥಿ ತಮ್ಮ ಬಾಗಿಲು ತಾವೇ ತೆಗೆದುಕೊಂಡು ಇಳಿದು, ಏನು ನಡೆಯುತ್ತಿದೆಯೆಂದು ತಿಳಿಯದೆ, ಎಲ್ಲರ ಜೊತೆ ತಾವೂ ಚಪ್ಪಾಳೆ ತಟ್ಟುತ್ತಿದ್ದರು. ವಿಷಯ ತಿಳಿದ ಮೇಲೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ನಗುವಿನಲ್ಲೇ ಅದು ಮುಗಿದುಹೋಗಬಹುದಿತ್ತು. ಆದರೆ ಟೈ ಸಾಹೇಬನ ಕಿವಿ ಮಧ್ಯಾಹ್ನದವರೆಗೂ ಕೆಂಪಗೇ ಇತ್ತು.

ಊಟದ ಹೊತ್ತಿಗೆ ಇಸ್ತ್ರಿಯಮ್ಮನಿಗೆ ಕರೆ ಬಂತು. ಅವನ ಕೋಣೆಯಲ್ಲಿ ಮೇಜಿನ ಮೇಲೆ ಧೂಳಿನ ಕಣವೂ ಇರಲಿಲ್ಲ. ಅವಳು ನಿಂತೇ ಇದ್ದಳು, ಅವನು ಕೂರು ಎನ್ನಲಿಲ್ಲ.

“ನಾಳೆಯಿಂದ ಆ ಗಾಡಿ ಗೇಟಿನ ಒಳಗೆ ಬರಬಾರದು” ಎಂದ.

“ಪೋರ್ಚಿಗೆ ಬರಬಾರದು ಅಂತಲೋ, ಗೇಟಿನ ಒಳಗೇ ಬರಬಾರದು ಅಂತಲೋ ಸಾರ್?”

“ಗೇಟಿನ ಒಳಗೇ.”

“ನೌಕರರ ಗಾಡಿ ಎಲ್ಲಾ ಒಳಗೇ ನಿಲ್ಸೋದು. ಕಾಂಪೌಂಡರ್ ಸ್ಕೂಟರು ನಿಲ್ಸ್ತಾರೆ, ಅಡುಗೆಯವರು ವ್ಯಾನು ನಿಲ್ಸ್ತಾರೆ. ಅವರದ್ದೂ ಬರಬಾರದಾ?”

“ಅವರದ್ದು ಬೇರೆ.”

“ಏನು ಬೇರೆ ಸಾರ್?”

ಅವನು ಟೈ ಸಡಿಲಿಸಿ ಮತ್ತೆ ಬಿಗಿದುಕೊಂಡ. “ನೋಡಿ, ಬಿಡಿಸಿ ಹೇಳ್ಬೇಕಾ? ಬಟ್ಟೆಗೆ ಇಸ್ತ್ರಿ ಹಾಕೋರು ಇಂಥ ಗಾಡೀಲಿ ಬಂದಿಳಿದ್ರೆ ರೋಗಿಗಳ ಕಡೆಯವರು ಏನಂದ್ಕೋತಾರೆ? ಈ ಆಸ್ಪತ್ರೇಲಿ ಬಿಲ್ಲು ಯಾಕೆ ಇಷ್ಟು ಅಂತ ಈಗ ಗೊತ್ತಾಯ್ತು ಅಂತಾರೆ.”

“ಬಿಲ್ಲು ನೋಡಿದ ಮೇಲೆ ನನ್ನ ಗಾಡಿ ನೋಡೋ ಶಕ್ತಿ ಅವರಲ್ಲಿ ಎಲ್ಲಿರುತ್ತೆ ಸಾರ್?”

“ತಮಾಷೆ ಬೇಡ. ಒಂದು ಸಣ್ಣ ಗಾಡಿ ತಗೊಳ್ಳಿ, ಬಸ್ಸಲ್ಲಿ ಬನ್ನಿ, ನಡ್ಕೊಂಡು ಬನ್ನಿ. ನಿಮ್ಮ ಕೆಲಸಕ್ಕೆ ಹೊಂದೋ ಹಾಗೆ ಬನ್ನಿ. ಇಲ್ಲಾಂದ್ರೆ ಈ ಕೆಲಸ ನಿಮಗೆ ಹೊಂದಲ್ಲ ಅಂತ ನಾನು ಬರೀಬೇಕಾಗುತ್ತೆ.”

ಆ ಸಂಬಳ ಬಿಟ್ಟರೆ ಅವಳಿಗೆ ಬೇರೆ ಆಧಾರ ಇರಲಿಲ್ಲ. ಅವಳು ಹೊರಬಂದು, ಬೆಳಗಿನ ಪರದೆಗಳಲ್ಲಿ ಉಳಿದಿದ್ದೊಂದನ್ನು ಮೇಜಿನ ಮೇಲೆ ಹಾಸಿ, ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಒತ್ತಿ ಎಳೆದಳು.

ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಲಿಫ್ಟಣ್ಣ ಮಧ್ಯಾಹ್ನವೇ ಕಾಂಪೌಂಡರನ ಸ್ಕೂಟರಿನ ಚಕ್ರಕ್ಕೆ ಗಾಳಿ ಹಾಕಿಸಲು ಹೋದವನು ಅವಳ ಮೈದುನನ ಟೈರು ಅಂಗಡಿಯಲ್ಲಿ ಎಲ್ಲವನ್ನೂ ಒದರಿಬಿಟ್ಟಿದ್ದ. ಸಂಜೆ ಅವಳು ಬಾಗಿಲು ತೆಗೆಯುವಷ್ಟರಲ್ಲಿ ಮೈದುನ ಒಬ್ಬ ಅಪರಿಚಿತನನ್ನು ಕರೆದುಕೊಂಡು ಬಂದಿದ್ದ. ಆ ಮನುಷ್ಯ ನಮಸ್ಕಾರವನ್ನೂ ಹೇಳದೆ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ಟಿನ ಮೇಲೆ ಬೆರಳಿಂದ ಬಡಿದು ನೋಡಿದ.

“ಅತ್ತಿಗೆ, ಇವರು ಸಿನಿಮಾದವರಿಗೆ ಗಾಡಿ ಒದಗಿಸೋರು. ಬೇರೆ ಯಾರೂ ಕೇಳದ ಗಾಡೀನ ಇವರು ಕೇಳ್ತಿದಾರೆ. ಒಳ್ಳೆ ಸಮಯಕ್ಕೆ ಸಿಕ್ಕಿದ್ರು ಅಂದ್ಕೊಳ್ಳಿ” ಎಂದ ಮೈದುನ.

“ಸಿನಿಮಾದಲ್ಲಿ ಇದನ್ನ ಏನು ಮಾಡ್ತೀರಪ್ಪಾ? ಯಾರು ಕೂರ್ತಾರೆ?” ಎಂದು ಅವಳು ಕೇಳಿದಳು.

“ಯಾರೂ ಕೂರಲ್ಲಮ್ಮ. ಬೆಟ್ಟದ ಮೇಲಿಂದ ತಳ್ಳೋದು” ಎಂದ ಅವನು, ಮನೆಗೆ ಬಣ್ಣ ಬಳಿಯುವ ವಿಷಯ ಹೇಳಿದಷ್ಟು ಸಲೀಸಾಗಿ. “ದೊಡ್ಡ ಗಾಡಿ ಬಿದ್ರೇನೇ ನೋಡೋಕೆ ಚೆಂದ. ಸಣ್ಣದು ಬಿದ್ರೆ ಜನಕ್ಕೆ ಅಯ್ಯೋ ಪಾಪ ಅನ್ಸುತ್ತೆ.”

ಮೈದುನ ಅವನ ಕಾಲು ತುಳಿದ. ತುಳಿದದ್ದು ತಡವಾಗಿತ್ತು.

ಇಸ್ತ್ರಿಯಮ್ಮ ಆ ಮನುಷ್ಯನ ಬೆರಳನ್ನು ಬಾನೆಟ್ಟಿನ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಳು. “ಹೋಗಿ ಬನ್ನಿ. ಇದು ಬೀಳೋ ಗಾಡಿ ಅಲ್ಲ” ಎಂದಳು.

ಅವನು ಹೋದ ಮೇಲೆ ಮೈದುನ ತಲೆ ಮೇಲೆ ಕೈಹೊತ್ತುಕೊಂಡು ಮೆಟ್ಟಿಲ ಮೇಲೆ ಕೂತ. “ಅತ್ತಿಗೆ, ನಾನೇನು ನಿಮ್ಮ ಶತ್ರುನಾ? ಕೆಲಸ ಹೋದ್ರೆ ಈ ಬಿಳಿ ಆನೆಗೆ ಎಣ್ಣೆ ಯಾರು ಹಾಕ್ತಾರೆ? ಮನೆ ಮುಂದೆ ನಿಲ್ಲಿಸ್ಕೊಂಡು ಮುಖ ನೋಡ್ತಾ ಕೂರ್ತೀರಾ? ಅಣ್ಣ ಇದ್ದಿದ್ರೆ ಅವನೂ ಇದನ್ನೇ ಹೇಳ್ತಿದ್ದ.”

“ನಿಮ್ಮಣ್ಣ ಹೇಳ್ತಿದ್ರು, ನಿಜ. ಅವರು ಆ ಗಾಡೀನ ಹೊಟ್ಟೆಪಾಡಿಗೆ ಓಡಿಸಿದೋರು. ಹಿಂದಿನ ಸೀಟಲ್ಲಿ ಒಂದು ದಿನಾನೂ ಕೂರಲಿಲ್ಲ. ನನ್ನನ್ನೂ ಕೂರಿಸಲಿಲ್ಲ. ಆ ಸೀಟಿನ ಬಿಳಿ ಕವರು ವಾರವಾರ ನಮ್ಮನೆಗೆ ಬರ್ತಿತ್ತಲ್ಲ, ಯಾರು ಒಗೀತಿದ್ರು? ಧಣಿ ಬೆನ್ನಿನ ಬೆವರು, ಧಣಿ ತಲೆ ಎಣ್ಣೆ, ಅವರ ಮಕ್ಕಳು ವಾಂತಿ ಮಾಡಿದ್ದು, ಎಲ್ಲಾ ಈ ಕೈಯಲ್ಲೇ ತಿಕ್ಕಿದ್ದೀನಿ. ಆ ಸೀಟು ಒಣಗಿರ್ಬೇಕು, ಮಡಿಕೆ ಇರಬಾರದು, ಅಷ್ಟೇ ನನಗೆ ಗೊತ್ತಿದ್ದದ್ದು. ಅದು ಮೆತ್ತಗಿದ್ಯೋ ಗಟ್ಟಿಗಿದ್ಯೋ ಗೊತ್ತಿರಲಿಲ್ಲ. ಈಗ ಸೋಪಜ್ಜಿ ಅಲ್ಲಿ ಕೂತು ಗೊರಕೆ ಹೊಡೀತಾಳೆ. ಕನ್ನಡೀಲಿ ನೋಡಿ ನನಗೆ ಎಷ್ಟು ಖುಷಿ ಆಗುತ್ತೆ ಗೊತ್ತಾ ನಿಂಗೆ?”

“ಖುಷಿಯಿಂದ ಹೊಟ್ಟೆ ತುಂಬಲ್ಲ ಅತ್ತಿಗೆ” ಎಂದು ಗೊಣಗಿಕೊಂಡು ಮೈದುನ ಎದ್ದು ಹೋದ.

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ, ಅದೇ ಅವಳನ್ನು ಕಾಡಿದ್ದು. ದೀಪ ಹಾಕುವ ಹೊತ್ತಿಗೆ ಅವಳು ಹೊರಗೆ ಬಂದು, ಮುಂದಿನ ಬಾಗಿಲನ್ನು ಬಿಟ್ಟು ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು. ಅಲ್ಲಿಂದ ಬೀದಿ ಬೇರೆಯಾಗಿ ಕಾಣುತ್ತಿತ್ತು, ಸ್ವಲ್ಪ ದೂರದಲ್ಲಿ ಇದ್ದಂತೆ. ಬಸ್ಸಿನಲ್ಲಿ ಕಂಬಿಗೆ ಜೋತುಬಿದ್ದು ಹೋಗುತ್ತಿದ್ದ ವರ್ಷಗಳು ನೆನಪಾದವು. ಬೆನ್ನಿಗೆ ಯಾರದೋ ಚೀಲ, ಕಾಲ ಮೇಲೆ ಯಾರದೋ ಕಾಲು. ಹಾಗೆ ಹೋಗುವುದೇನೂ ಅವಳಿಗೆ ಹೊಸದಲ್ಲ, ನಾಳೆಯೂ ಹೋಗಬಲ್ಲಳು. ಆದರೆ ಟೈ ಸಾಹೇಬ ಹೇಳಿದ್ದು ಬಸ್ಸಿನ ಮಾತಲ್ಲ. ಹೊಂದೋ ಹಾಗೆ ಬನ್ನಿ ಎಂದಿದ್ದ. ಯಾರಿಗೆ ಹೊಂದಬೇಕು? ಇಂದು ಗಾಡಿ ಹೊಂದುವುದಿಲ್ಲ ಎಂದವನು ನಾಳೆ ಸೀರೆ ಹೊಂದುವುದಿಲ್ಲ ಎಂದಾನು, ಆಮೇಲೆ ಸೋಪಜ್ಜಿಯ ಊರುಗೋಲು ಹೊಂದುವುದಿಲ್ಲ ಎಂದಾನು. ಅವಳು ಸೀಟಿನ ಮೇಲೆ ಅಂಗೈ ಊರಿ ಒತ್ತಿ ನೋಡಿದಳು. ಮೆತ್ತಗೇ ಇತ್ತು.

ಮರುದಿನ ಬೆಳಿಗ್ಗೆ ಗಾಡಿ ಎದ್ದು ನಿಲ್ಲುವುದನ್ನು ಕಾಯುತ್ತ ಅವಳು ಮೂವರಿಗೂ ನೇರವಾಗಿ ಹೇಳಿದಳು. “ಗೇಟಲ್ಲಿ ತಡೀತಾರೆ. ನಾನು ಬಿಡಲ್ಲ. ನನ್ನ ಜೊತೆ ಇದ್ರೆ ನಿಮಗೂ ಬಿಸಿ ಮುಟ್ಟುತ್ತೆ. ಬಸ್ಸಲ್ಲಿ ಹೋಗೋರು ಹೋಗಿ, ನಾನೇನೂ ಅಂದ್ಕೊಳ್ಳಲ್ಲ.”

ಲಿಫ್ಟಣ್ಣ ಸೀಟು ಬೆಲ್ಟು ಎಳೆದುಕೊಂಡ. “ಬಸ್ಸಲ್ಲಿ ನಿಂತ್ಕೊಂಡು ಹೋಗಿ ಲಿಫ್ಟಲ್ಲಿ ನಿಂತ್ಕೊಳ್ಳೋಕೆ ನನಗೇನು ಹುಚ್ಚಾ? ನಡಿಯಕ್ಕಾ.”

ಗುಂಡಿಯಕ್ಕನಿಗೆ ಹೆದರಿಕೆಯಾಗಿತ್ತು. ಮುಖದಲ್ಲೇ ಗೊತ್ತಾಗುತ್ತಿತ್ತು. ಆದರೂ ಹತ್ತಿದಳು. ಸೋಪಜ್ಜಿ ಮಾತ್ರ ಬಾಗಿಲು ಹಿಡಿದು ನಿಂತೇ ಇದ್ದಳು.

“ಮಗಾ, ಇದೆಲ್ಲ ನನ್ನಿಂದ ಆದದ್ದು. ಆ ಹೂವು ನಾನು ತಗೋಬಾರದಿತ್ತು. ನಾನು ಬಿಟ್ಬಿಡ್ತೀನಿ ಕೆಲಸ. ಆಗ ನೀನು ಪೋರ್ಚಿಗೆ ಹೋಗೋದೇ ಬೇಡ.”

“ಅಜ್ಜೀ, ಹತ್ತು. ನಿನ್ನ ಗೊರಕೆ ಇಲ್ದಿದ್ರೆ ನನಗೆ ದಾರಿ ಸಾಗಲ್ಲ.”

ಆಸ್ಪತ್ರೆಗೆ ಹೋಗುವ ದಾರಿ ಮುಖ್ಯರಸ್ತೆಯಿಂದ ಒಳಕ್ಕೆ ತಿರುಗಿ, ಎರಡು ಎತ್ತರದ ಗೋಡೆಗಳ ನಡುವೆ ಸಾಗಿ ಗೇಟು ಸೇರುತ್ತಿತ್ತು. ಒಂದು ಗಾಡಿ ಹೋಗುವಷ್ಟೇ ಅಗಲ. ಆಂಬುಲೆನ್ಸುಗಳಿಗೆ ಹಿಂದಿನ ಬೀದಿಯಲ್ಲಿ ಬೇರೆ ಗೇಟಿತ್ತು. ಹಾಗಿಲ್ಲದೆ ಹೋಗಿದ್ದರೆ ಇಸ್ತ್ರಿಯಮ್ಮ ಆ ದಿನ ಮಾಡಿದ್ದನ್ನು ಖಂಡಿತ ಮಾಡುತ್ತಿರಲಿಲ್ಲ.

ಗೇಟಿನ ಅಡ್ಡಗಂಬಿಯನ್ನು ಇಳಿಸಿದ್ದರು. ಅವಳು ಅದರ ಮುಂದೆ ತಂದು ನಿಲ್ಲಿಸಿದಳು. ಗೇಟಿನವನು ಓಡಿಬಂದ. ಗಾಜು ಇಳಿಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಅವಳು ಬಾಗಿಲನ್ನೇ ಸ್ವಲ್ಪ ತೆಗೆದಳು.

“ಅಕ್ಕಾ, ಕೈ ಮುಗೀತೀನಿ. ನಿಮ್ಮ ಗಾಡಿ ಬಂದ್ರೆ ಎತ್ತಬೇಡ ಅಂತ ಹೇಳಿಬಿಟ್ಟಿದಾರೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ.”

“ನಿನ್ನ ಹೊಟ್ಟೆ ತಂಟೆಗೆ ನಾನು ಬರಲ್ಲಪ್ಪಾ. ಎತ್ತಬೇಡ ಅಂದಿದಾರೆ, ಎತ್ತಬೇಡ. ನಿನ್ನ ಕೆಲಸ ನೀನು ಮಾಡು. ನಾನು ಇಲ್ಲೇ ಇರ್ತೀನಿ” ಎಂದು ಬಾಗಿಲು ಎಳೆದುಕೊಂಡು, ಇಂಜಿನ್ನು ಆರಿಸಿದಳು.

ಹಿಂದೆ ಒಂದು ಕಾರು ಬಂತು. ಅದರ ಹಿಂದೆ ಇನ್ನೊಂದು. ಕೆಲಸಕ್ಕೆ ಬರುವ ಹೊತ್ತು. ನೋಡನೋಡುತ್ತ ಗೋಡೆಗಳ ನಡುವಿನ ದಾರಿ ತುಂಬಿ ಸಾಲು ಮುಖ್ಯರಸ್ತೆ ಮುಟ್ಟಿತು. ಹಾರನ್ನುಗಳು ಶುರುವಾದವು. ಆದರೆ ಧಣಿ ಗಾಡಿಯೊಳಗೆ ಅವು ಬೇರೆ ಯಾವುದೋ ಬೀದಿಯ ಗಲಾಟೆಯಂತೆ ಕೇಳುತ್ತಿದ್ದವು. ಯಜಮಾನರ ನಿದ್ದೆಗೆಂದು ಮಾಡಿದ ಗಾಜು ಅದು. ಗುಂಡಿಯಕ್ಕ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಎಲ್ಲರಿಗೂ ಕೊಟ್ಟಳು. ಒಂದಿಷ್ಟು ಸೀಟಿನ ಮೇಲೆ ಚೆಲ್ಲಿತು.

“ಬಿಡು, ಒಗೆಯೋರು ಮೂರು ಜನ ಇದ್ದೀವಿ” ಎಂದಳು ಸೋಪಜ್ಜಿ.

“ಟೈ ಬರ್ತಿದೆ” ಎಂದ ಲಿಫ್ಟಣ್ಣ ಕನ್ನಡಿ ನೋಡುತ್ತ. “ಹಿಂದೆ ಐದಾರು ಗಾಡಿ ಆಚೆ ಸಿಕ್ಕಿಹಾಕ್ಕೊಂಡಿದಾನೆ. ಗೋಡೆಗೂ ಗಾಡಿಗೂ ನಡುವೆ ನುಗ್ಗಿಕೊಂಡು ಬರ್ತಿದಾನೆ. ಅಯ್ಯೋ, ಕೋಟು ಗೋಡೆಗೆ ಸವರಿ ಸುಣ್ಣ ಎಲ್ಲಾ ಬಳ್ಕೊಂಡ.”

ಟೈ ಸಾಹೇಬ ಬಂದು ಗಾಜು ಬಡಿದ. ಅವಳು ಬಾಗಿಲು ತೆಗೆದಳು. ಆ ಬಾಗಿಲು ಭಾರ, ಅಗಲ. ಅವನು ಗೋಡೆಗೆ ಅಂಟಿಕೊಂಡು ನಿಲ್ಲಬೇಕಾಯಿತು.

“ಏನಿದು? ತಗೀರಿ ಗಾಡಿ! ಹಿಂದಕ್ಕೆ ತಗೊಳ್ಳಿ!”

“ತಗೋತೀನಿ ಸಾರ್. ಮೊದಲು ಹಿಂದಿನವರು ತಗೊಳ್ಳಲಿ. ಅವರ ಹಿಂದಿನವರು, ಅವರ ಹಿಂದಿನವರು, ಆಮೇಲೆ ನೀವು. ನೀವೆಲ್ಲ ರಸ್ತೆಗೆ ಹೋದ್ಮೇಲೆ ನಾನೂ ಬರ್ತೀನಿ.”

“ತಿರುಗಿಸ್ಕೊಂಡು ಹೋಗಿ ಅಲ್ಲಿ!”

“ಇದು ತಿರುಗೋ ಜಾಗ ಅಲ್ಲ ಸಾರ್, ಗಾಡಿ ಉದ್ದ ಇದೆ. ಅದಕ್ಕೇ ತಾನೇ ನಿಮ್ಮ ಕಣ್ಣಿಗೆ ಬಿದ್ದಿದ್ದು.”

ಅವನು ಹಲ್ಲು ಕಚ್ಚಿದ. “ನಿಮಗೆ ಕೆಲಸ ಬೇಕಾ ಬೇಡವಾ?”

“ಬೇಕು. ಕೆಲಸ ಬೇಕು ಅಂತಲೇ ಇಷ್ಟು ಬೇಗ ಬಂದು ಗೇಟಲ್ಲಿ ನಿಂತಿದ್ದೀನಿ. ಕೆಲಸದಲ್ಲಿ ಏನು ತಪ್ಪು ಮಾಡಿದ್ದೀನಿ ಹೇಳಿ, ಒಪ್ಕೋತೀನಿ. ಒಂದು ಹೊದಿಕೆ ಸುಟ್ಟಿದ್ದೀನಾ? ಒಂದು ದಿನ ತಡ ಮಾಡಿದ್ದೀನಾ? ಇಲ್ಲ. ನೀವು ಬಾಗಿಲು ತೆಗೆದ್ರಿ, ಒಳಗೆ ನಿಮಗೆ ಬೇಕಾದವರು ಇರಲಿಲ್ಲ. ಅದು ಗಾಡಿ ತಪ್ಪಲ್ಲ ಸಾರ್, ನನ್ನ ತಪ್ಪೂ ಅಲ್ಲ.”

ಪಕ್ಕದಿಂದ ಯಾರೋ ಕೆಮ್ಮಿದರು. ಹಿಂದಿನ ಕಾರಿನ ಹಿರಿಯ ವೈದ್ಯರು ಇಳಿದು ಬಂದಿದ್ದರು. ಮೂಳೆ ಡಾಕ್ಟರು, ಮಾತು ಕಡಿಮೆ. ಅವರು ಗಾಡಿಯೊಳಗೆ ಬಗ್ಗಿ ಸೋಪಜ್ಜಿಯ ಮಂಡಿ ನೋಡಿದರು, ಅಡ್ಡಗಂಬಿ ನೋಡಿದರು, ಟೈ ಸಾಹೇಬನನ್ನು ನೋಡಿದರು.

“ನನಗೆ ಹೊರರೋಗಿಗಳು ಕಾಯ್ತಿದಾರೆ. ಈ ಕಂಬಿ ಯಾರಿಗಾಗಿ ಕ್ಲೋಸ್ ಆಗಿದೆ?” ಎಂದರು.

ಒಬ್ಬ ಇಸ್ತ್ರಿಯವಳ ಗಾಡಿ ದೊಡ್ಡದಾಯಿತೆಂದು ಅಷ್ಟೂ ಜನರನ್ನು ನಿಲ್ಲಿಸಿದ್ದೇನೆಂದು ಗಟ್ಟಿಯಾಗಿ ಹೇಳುವುದು ಟೈ ಸಾಹೇಬನಿಗೆ ಮನಸ್ಸಿನಲ್ಲಿ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಕೊನೆಗೆ ಅವನು ಗೇಟಿನವನಿಗೆ ಎತ್ತು ಎಂದು ಕೈಬೀಸಿದ. ಕಂಬಿ ಮೇಲಕ್ಕೆ ಹೋಯಿತು.

“ಇವತ್ತೊಂದಿನ” ಎಂದ ಅವನು ಅವಳಿಗೆ, ತಗ್ಗಿದ ದನಿಯಲ್ಲಿ. “ನಾಳೆ ನೋಡೋಣ.”

“ನಾಳೆಯೂ ಇಷ್ಟೊತ್ತಿಗೇ ಬರ್ತೀನಿ ಸಾರ್. ನೋಡಿ” ಎಂದು ಅವಳು ಕೀಲಿ ತಿರುಗಿಸಿದಳು.

ಪೋರ್ಚಿನಲ್ಲಿ ಸೋಪಜ್ಜಿಯನ್ನು ಇಳಿಸಿ, ಗಾಡಿಯನ್ನು ಹಿಂದೆ ಕಾಂಪೌಂಡರನ ಸ್ಕೂಟರಿನ ಪಕ್ಕ ನಿಲ್ಲಿಸಿ ಬರುವಷ್ಟರಲ್ಲಿ ಅಪ್ಪಣೆ ಸಿದ್ಧವಾಗಿತ್ತು. ಅವಳನ್ನು ಇಸ್ತ್ರಿ ಮೇಜುಗಳಿಂದ ತೆಗೆದು ಕೊಳೆಬಟ್ಟೆ ವಿಂಗಡಿಸುವ ಕೋಣೆಗೆ ಹಾಕಿದ್ದರು. ಆ ಕೋಣೆ ನೆಲಮಾಳಿಗೆಯಲ್ಲಿತ್ತು. ವಾರ್ಡುಗಳಿಂದ ರಕ್ತ, ಔಷಧಿ, ವಾಂತಿ ಅಂಟಿದ ಬಟ್ಟೆಗಳು ಒಂದು ಜಾರುಕೊಳವೆಯಿಂದ ದೊಪ್ಪೆಂದು ಬಂದು ಬೀಳುತ್ತಿದ್ದವು. ಅಲ್ಲಿಗೆ ಹೊಸಬರನ್ನೋ, ಯಾರ ಮೇಲಾದರೂ ಸಿಟ್ಟಿದ್ದರೆ ಅವರನ್ನೋ ಕಳಿಸುವುದು ವಾಡಿಕೆ. ವಾದ ಮಾಡಲು ಅವಳು ಮೇಲೆ ಹೋಗಲಿಲ್ಲ. ಟೈ ಸಾಹೇಬ ತಿರುಗಿ ಒಂದು ಏಟು ಕೊಡಲೇಬೇಕಿತ್ತು, ಕೊಟ್ಟಿದ್ದ. ಕೊಳೆಬಟ್ಟೆ ಅವಳಿಗೆ ಹೊಸದೇನೂ ಅಲ್ಲ. ಅವಳು ಸೆರಗು ಸಿಕ್ಕಿಸಿ, ಮೊಣಕೈವರೆಗಿನ ರಬ್ಬರು ಕೈಗವಸು ಹಾಕಿಕೊಂಡು ಮೊದಲ ಗಂಟು ಬಿಚ್ಚಿದಳು.

ಅಲ್ಲಿ ಕೆಲಸ ಮಾಡುತ್ತಿದ್ದ ಮೂರು ನಾಲ್ಕು ಹೆಂಗಸರಿಗೆ ಮುಂಜಾನೆಯ ಕತೆ ಆಗಲೇ ಬಂದು ಮುಟ್ಟಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ ಎತ್ತರದ ಹೆಂಗಸೊಬ್ಬಳು ತಡೆಯಲಾರದೆ ಬಾಯಿ ಬಿಟ್ಟಳು.

“ಅಲ್ಲಕ್ಕಾ, ಮೇಲೆ ಅಷ್ಟು ಚೆನ್ನಾಗಿದ್ದೆ. ಒಂದು ಗಾಡಿಗೋಸ್ಕರ ಈ ವಾಸನೆಗೆ ಬಂದ್ಯಲ್ಲ? ಮಾರಿಬಿಡಬಾರದಾ ಅದನ್ನ?”

“ನೀನು ಎಲ್ಲಿಂದ ಬರ್ತೀಯ?” ಎಂದು ಇಸ್ತ್ರಿಯಮ್ಮ ಕೇಳಿದಳು.

“ನಾನಾ? ನೀರಿನ ಟ್ಯಾಂಕಿನ ಹತ್ರ. ಎರಡು ಬಸ್ಸು ಬದಲಾಯಿಸ್ಬೇಕು. ಯಾಕೆ?”

“ಅದು ನಾನು ಬರೋ ದಾರೀಲೇ ಇದೆ. ಹಿಂದೆ ಇನ್ನೊಬ್ಬರಿಗೆ ಜಾಗ ಇದೆ. ಬೆಳಿಗ್ಗೆ ಟ್ಯಾಂಕಿನ ಕೆಳಗೆ ನಿಂತಿರು.”

ಆ ಹೆಂಗಸು ಮುಖದ ಬಟ್ಟೆ ಕೆಳಗೆ ಎಳೆದು, ಇದು ತಮಾಷೆಯೋ ನಿಜವೋ ಎಂದು ಅವಳನ್ನೇ ನೋಡಿದಳು. “ಗೇಟಲ್ಲಿ ಮತ್ತೆ ತಡೆದ್ರೆ?”

“ತಡೆದ್ರೆ ಕೂರೋಣ. ಚಹಾ ಇರುತ್ತೆ” ಎಂದಳು ಇಸ್ತ್ರಿಯಮ್ಮ, ಜಾರುಕೊಳವೆಯಿಂದ ಬಿದ್ದ ಇನ್ನೊಂದು ಗಂಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ.